ಅಪಾಯದ ಅಂಕ ಕೈಗೆ ಬಂತು, ಮುಂದೇನು?

ವಯಸ್ಸು, ಎತ್ತರ, ತೂಕ, ಸಿಗರೇಟು ಸೇದುತ್ತೀರಾ, ವಾರಕ್ಕೆ ಎಷ್ಟು ಹೊತ್ತು ನಡೆಯುತ್ತೀರಿ, ರಾತ್ರಿ ಎಷ್ಟು ಗಂಟೆ ನಿದ್ದೆ, ಅಪ್ಪ ಅಮ್ಮನಿಗೆ ಸಕ್ಕರೆ ಕಾಯಿಲೆ ಇತ್ತೇ? ಇಂಥ ಇಪ್ಪತ್ತು ಮೂವತ್ತು ಪ್ರಶ್ನೆಗಳಿಗೆ ಉತ್ತರ ತುಂಬಿ, ಬಿಪಿ ಮತ್ತು ರಕ್ತಪರೀಕ್ಷೆಯ ಅಂಕಿಗಳನ್ನು ಜೊತೆಗಿಟ್ಟರೆ ಒಂದು ಅಂಕ ಸಿಗುತ್ತದೆ. ಮುಂದಿನ ಹತ್ತು ವರ್ಷಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಎಷ್ಟು ಎಂದು ಅದು ಹೇಳುತ್ತದೆ. ಇದೇ ಆರೋಗ್ಯ ಅಪಾಯ ಮೌಲ್ಯಮಾಪನ. ಕಂಪನಿಗಳು, ವಿಮಾ ಸಂಸ್ಥೆಗಳು, ಆಸ್ಪತ್ರೆಗಳು, ಮೊಬೈಲ್ ಆ್ಯಪ್‌ಗಳು ಈಗ ಪೈಪೋಟಿಗೆ ಬಿದ್ದು ಇದನ್ನು ನಡೆಸುತ್ತಿವೆ. ಹೆಚ್ಚಿನ ಕಡೆ ಕೆಂಪು, ಹಳದಿ, ಹಸಿರು ಬಣ್ಣದ ಒಂದು ವರದಿ ಮಿಂಚಂಚೆಗೆ ಬಂದಲ್ಲಿಗೆ ಕೆಲಸ ಮುಗಿಯಿತು.

ತೊಡಕು ಇರುವುದೇ ಅಲ್ಲಿ. ಕೆಲಸದ ಸ್ಥಳಗಳಲ್ಲಿ ನಡೆದ ಇಂಥ ಮೌಲ್ಯಮಾಪನಗಳ ಅಧ್ಯಯನಗಳನ್ನು ಅಮೆರಿಕದ ಸಮುದಾಯ ರೋಗತಡೆ ಸೇವೆಗಳ ಕಾರ್ಯಪಡೆ ಒಟ್ಟುಗೂಡಿಸಿ ಪರಿಶೀಲಿಸಿತು. 2010ರಲ್ಲಿ ಪ್ರಕಟವಾದ ಅದರ ವಿಮರ್ಶೆಯ ತೀರ್ಮಾನ ಎರಡು ಭಾಗದ್ದು. ಪ್ರಶ್ನೆ ಕೇಳಿ, ಅಂಕ ಹೇಳಿ ಬಿಟ್ಟರೆ ನಡವಳಿಕೆ ಬದಲಾಗುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ. ಅದರ ಜೊತೆಗೆ ಆರೋಗ್ಯ ಶಿಕ್ಷಣ, ಸಲಹೆ ಮತ್ತಿತರ ನೆರವು ಸೇರಿದರೆ ಕೆಲವು ವಿಷಯಗಳಲ್ಲಿ ಫಲ ಇದೆ. ಹಾಗಾಗಿ ಅಂಕ ಎಷ್ಟು ಬಂತು ಎಂಬುದಕ್ಕಿಂತ, ಬಂದ ಮರುದಿನದಿಂದ ಏನು ನಡೆಯುತ್ತದೆ ಎಂಬುದನ್ನೇ ಮೊದಲು ಯೋಜಿಸಬೇಕು.

ಈ ಮೌಲ್ಯಮಾಪನ ಹುಟ್ಟಿದ್ದೂ ಹಾಗೆಯೇ. ಲೂಯಿಸ್ ರಾಬಿನ್ಸ್ ಎಂಬ ಅಮೆರಿಕದ ವೈದ್ಯರು ರೋಗ ಬಂದಮೇಲಿನ ದಾಖಲೆಯ ಜೊತೆಗೆ, ಮುಂದೆ ಬರಬಹುದಾದ ಅಪಾಯಗಳ ದಾಖಲೆಯೂ ವೈದ್ಯರ ಕೈಯಲ್ಲಿರಬೇಕು ಎಂದು ಯೋಚಿಸಿದರು. 1970ರ ಹೊತ್ತಿಗೆ ಅವರು ಜ್ಯಾಕ್ ಹಾಲ್ ಜೊತೆ ಸೇರಿ ಅದಕ್ಕೊಂದು ಪದ್ಧತಿ ಕೊಟ್ಟರು. ಎದುರು ಕೂತವರೊಂದಿಗೆ ಮಾತು ತೆಗೆಯಲು ವೈದ್ಯರಿಗೆ ಒಂದು ಆಧಾರ ಬೇಕಿತ್ತು. ಈಗ ಆ ಮಾತು ಕಳಚಿಹೋಗಿ ಕಾಗದ ಮಾತ್ರ ಉಳಿದಿದೆ.

ಶೇಕಡಾ 12 ಎಂದರೆ ಏನು, ಏನಲ್ಲ

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 1948ರಲ್ಲಿ 5,209 ಜನರನ್ನು ಸೇರಿಸಿಕೊಂಡು ಶುರುವಾದ ಅಧ್ಯಯನವೇ ಹೃದ್ರೋಗದ ಅಪಾಯ ಲೆಕ್ಕಕ್ಕೆ ಮೂಲ. ಯಾರಿಗೆ ಹೃದಯಾಘಾತವಾಯಿತು, ಅವರ ಬಿಪಿ, ಕೊಲೆಸ್ಟ್ರಾಲ್, ಧೂಮಪಾನ ಹೇಗಿತ್ತು ಎಂದು ದಶಕಗಟ್ಟಲೆ ಗಮನಿಸಿ ಸೂತ್ರ ಕಟ್ಟಿದರು. ಆಮೇಲೆ ಬಂದ ಸೂತ್ರಗಳೆಲ್ಲ ಇದೇ ದಾರಿಯವು. ಬ್ರಿಟನ್ನಿನ ಕ್ಯುರಿಸ್ಕ್‌, ಯುರೋಪಿನ ಸ್ಕೋರ್‌-2, ವಿಶ್ವ ಆರೋಗ್ಯ ಸಂಸ್ಥೆ ಜಗತ್ತನ್ನು 21 ಪ್ರದೇಶಗಳಾಗಿ ವಿಂಗಡಿಸಿ 2019ರಲ್ಲಿ ಕೊಟ್ಟ ಪಟ್ಟಿಗಳು, ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2023ರಲ್ಲಿ ತಂದ ಪ್ರಿವೆಂಟ್ ಸೂತ್ರ, ಎಲ್ಲವೂ. ಕೊನೆಯದರಲ್ಲಿ ಮೂತ್ರಪಿಂಡದ ಕೆಲಸದ ಅಳತೆಯೂ ಸೇರಿದೆ, ಜನಾಂಗದ ಕಾಲಂ ಹೋಗಿದೆ.

'ನಿಮ್ಮ ಅಪಾಯ ಶೇಕಡಾ 12' ಎಂದು ವರದಿ ಹೇಳಿದರೆ, ನಿಮ್ಮಂಥದ್ದೇ ಅಂಕಿಗಳಿರುವ ನೂರು ಜನರಲ್ಲಿ ಸುಮಾರು 12 ಮಂದಿಗೆ ಹತ್ತು ವರ್ಷದೊಳಗೆ ಆ ತೊಂದರೆ ಬರುತ್ತದೆ, 88 ಮಂದಿಗೆ ಬರುವುದಿಲ್ಲ ಎಂದರ್ಥ. ಆ 12ರಲ್ಲಿ ನೀವಿದ್ದೀರಾ ಎಂಬುದು ಸೂತ್ರಕ್ಕೆ ತಿಳಿಯದು. ಒಂದು ಜನಸಮುದಾಯದಲ್ಲಿ ಕಟ್ಟಿದ ಸೂತ್ರವನ್ನು ಹಾಗೇ ಇನ್ನೊಂದಕ್ಕೆ ಹಚ್ಚಿದರೆ ಅಪಾಯ ಹೆಚ್ಚೋ ಕಡಿಮೆಯೋ ಆಗಿ ಕಾಣುತ್ತದೆ. ಬೊಜ್ಜಿನ ಅಳತೆಗೂ ಇದೇ ಮಾತು. ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 25 ದಾಟಿದರೆ ತೂಕ ಹೆಚ್ಚು ಎನ್ನುವುದು ಸಾಮಾನ್ಯ ಗೆರೆ. ಆದರೆ ಏಷ್ಯಾದ ಜನರಲ್ಲಿ ಅದಕ್ಕಿಂತ ಕೆಳಗೇ ಅಪಾಯ ಏರುವುದರಿಂದ 23 ಮತ್ತು 27.5ನ್ನೂ ಎಚ್ಚರಿಕೆಯ ಗೆರೆಗಳಾಗಿ ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ 2004ರಲ್ಲೇ ಹೇಳಿದೆ. ಪ್ರಶ್ನಾವಳಿ ಯಾವ ಗೆರೆ ಹಿಡಿದಿದೆ ಎಂದು ನೋಡದೆ ಅದನ್ನು ಕೊಳ್ಳಬಾರದು.

ಇನ್ನೊಂದು ದೋಷ ಹತ್ತು ವರ್ಷದ ಲೆಕ್ಕದಲ್ಲೇ ಇದೆ. ಈ ಸೂತ್ರಗಳಲ್ಲಿ ಎಲ್ಲಕ್ಕಿಂತ ತೂಕದ ಅಂಶ ವಯಸ್ಸು. ದಿನಕ್ಕೆ ಒಂದು ಪ್ಯಾಕ್ ಸೇದುವ 32ರ ತರುಣನಿಗೆ 'ಕಡಿಮೆ ಅಪಾಯ' ಎಂಬ ಹಸಿರು ಬಣ್ಣ ಬರಬಹುದು. ಏನೂ ಚಟವಿಲ್ಲದೆ ದಿನವೂ ನಡೆಯುವ 72ರ ಹಿರಿಯರಿಗೆ ವಯಸ್ಸೊಂದರಿಂದಲೇ ಕೆಂಪು ಬರಬಹುದು. ಮೊದಲನೆಯವನಿಗೆ ಆ ಹಸಿರು ಅಪಾಯಕಾರಿ ಸಮಾಧಾನ. ಹಾಗಾಗಿ ಐವತ್ತರೊಳಗಿನವರಿಗೆ ಜೀವಮಾನದ ಅಪಾಯವನ್ನೋ, ಅದೇ ವಯಸ್ಸಿನ ಧೂಮಪಾನ ಮಾಡದವರಿಗಿಂತ ಎಷ್ಟು ಪಟ್ಟು ಹೆಚ್ಚು ಎಂಬುದನ್ನೋ, 'ಹೃದಯದ ವಯಸ್ಸ'ನ್ನೋ (ಇಷ್ಟೇ ಅಪಾಯವಿರುವ ಆರೋಗ್ಯವಂತರ ವಯಸ್ಸು) ಜೊತೆಗೆ ತೋರಿಸಲೇಬೇಕು.

ಎಂಟು ಪ್ರಶ್ನೆಗಳ ಒಂದು ಉದಾಹರಣೆ

ಸಕ್ಕರೆ ಕಾಯಿಲೆಯ ಅಪಾಯ ಅಳೆಯಲು ಫಿನ್‌ಲ್ಯಾಂಡಿನಲ್ಲಿ ರೂಪಿಸಿ 2003ರಲ್ಲಿ ಪ್ರಕಟಿಸಿದ ಫಿಂಡ್‌ರಿಸ್ಕ್ ಎಂಬ ಪ್ರಶ್ನಾವಳಿ ಇದೆ. ಎಂಟೇ ಪ್ರಶ್ನೆ, ರಕ್ತ ತೆಗೆಯಬೇಕಿಲ್ಲ, ಗರಿಷ್ಠ 26 ಅಂಕ. ಒಬ್ಬ ಕಾಲ್ಪನಿಕ ವ್ಯಕ್ತಿಗೆ ಹಚ್ಚಿ ನೋಡೋಣ. 48ರ ಗಂಡಸು: ವಯಸ್ಸಿಗೆ 2. ಬಿಎಂಐ 27: 1 ಅಂಕ. ಸೊಂಟದ ಸುತ್ತಳತೆ 96 ಸೆಂಟಿಮೀಟರ್: 3. ದಿನಕ್ಕೆ ಅರ್ಧ ಗಂಟೆ ಮೈ ದಣಿಸುವುದಿಲ್ಲ: 2. ತರಕಾರಿ, ಹಣ್ಣು ದಿನವೂ ತಿನ್ನುವುದಿಲ್ಲ: 1. ಬಿಪಿ ಮಾತ್ರೆ ಇಲ್ಲ, ಹಿಂದೆಂದೂ ಶುಗರ್ ಹೆಚ್ಚು ಬಂದಿಲ್ಲ: ಎರಡಕ್ಕೂ ಸೊನ್ನೆ. ತಾಯಿಗೆ ಸಕ್ಕರೆ ಕಾಯಿಲೆ: 5. ಒಟ್ಟು 14. 12ರಿಂದ 14 ಬಂದವರಲ್ಲಿ ಹತ್ತು ವರ್ಷದೊಳಗೆ ಸುಮಾರು ಆರರಲ್ಲಿ ಒಬ್ಬರಿಗೆ ಕಾಯಿಲೆ ಬರುತ್ತದೆ ಎನ್ನುತ್ತದೆ ಪಟ್ಟಿ. 7ರಿಂದ 11ಕ್ಕೆ ಅದು ಇಪ್ಪತ್ತೈದರಲ್ಲಿ ಒಬ್ಬರು, 15ರಿಂದ 20ಕ್ಕೆ ಮೂವರಲ್ಲಿ ಒಬ್ಬರು, 20 ದಾಟಿದರೆ ಇಬ್ಬರಲ್ಲಿ ಒಬ್ಬರು.

14 ಎಂಬ ಮೊತ್ತವನ್ನಷ್ಟೇ ಹೇಳಿದರೆ ಆತನಿಗೆ ದಿಕ್ಕು ತೋಚದು. ಬಿಡಿಸಿ ತೋರಿಸಬೇಕು: ವಯಸ್ಸು ಮತ್ತು ತಾಯಿಯಿಂದ ಬಂದ 7 ಅಂಕ ಆತನ ಕೈಮೀರಿದ್ದು. ಉಳಿದ 7 ಆತನ ಕೈಯಲ್ಲಿದೆ. ನಡಿಗೆ ಮತ್ತು ತರಕಾರಿ ಎರಡನ್ನೇ ಸರಿಪಡಿಸಿಕೊಂಡರೂ 11ಕ್ಕೆ ಇಳಿದು ಕೆಳಗಿನ ವರ್ಗಕ್ಕೆ ಬರುತ್ತಾನೆ. ಹೀಗೆ ಒಡೆದಿಟ್ಟಾಗ ಮಾತ್ರ ಅಂಕಕ್ಕೆ ಉಪಯೋಗ.

ಆದರೆ ಇಲ್ಲೊಂದು ಎಚ್ಚರಿಕೆ ಬೇಕು, ಬಹುತೇಕ ವರದಿಗಳು ಇದನ್ನು ಹೇಳುವುದೇ ಇಲ್ಲ. ಅಂಕ 14ರಿಂದ 11ಕ್ಕೆ ಇಳಿದ ಮಾತ್ರಕ್ಕೆ ಅಪಾಯ ಆರರಲ್ಲಿ ಒಂದರಿಂದ ಇಪ್ಪತ್ತೈದರಲ್ಲಿ ಒಂದಕ್ಕೆ ಇಳಿಯಿತು ಎನ್ನಲಾಗದು. ಪಟ್ಟಿ ಹೇಳುವುದು ಬೇರೆ ಬೇರೆ ಜನರ ನಡುವಿನ ವ್ಯತ್ಯಾಸವನ್ನು, ಒಬ್ಬನೇ ಬದಲಾದಾಗ ಆಗುವ ಇಳಿಕೆಯನ್ನಲ್ಲ. ಅದೂ ಅಲ್ಲದೆ, ಫಿಂಡ್‌ರಿಸ್ಕ್ ರೂಪಿಸುವಾಗ ವ್ಯಾಯಾಮ ಮತ್ತು ತರಕಾರಿಯ ಪ್ರಶ್ನೆಗಳು ಲೆಕ್ಕಾಚಾರದಲ್ಲಿ ಬಲವಾಗಿ ನಿಂತಿರಲಿಲ್ಲ. ಅವುಗಳ ಮಹತ್ವ ತುಂಬುವವರ ಗಮನಕ್ಕೆ ಬರಲಿ ಎಂದೇ ಸೇರಿಸಿದರು. ಅದು ಸರಿಯಾದ ನಿರ್ಧಾರ, ಏಕೆಂದರೆ ಪ್ರಶ್ನೆಯೇ ಒಂದು ಸಲಹೆ. ಹಾಗೆಂದು ಅಂಕದ ಇಳಿಕೆಯನ್ನೇ ಆರೋಗ್ಯದ ಲಾಭವೆಂದು ಮಾರಬಾರದು.

ಅಳತೆ ತಪ್ಪಿದರೆ ಎಲ್ಲವೂ ತಪ್ಪು

ಅತಿ ಹೆಚ್ಚು ಹದಗೆಡುವುದು ಬಿಪಿ ಅಳತೆ. ಶಿಬಿರಗಳಲ್ಲಿ ಸಾಲು ಉದ್ದವಿರುತ್ತದೆ. ಮೆಟ್ಟಿಲು ಹತ್ತಿ ಬಂದವರನ್ನು ಕೂರಿಸಿ ಕೂಡಲೇ ಪಟ್ಟಿ ಸುತ್ತುತ್ತಾರೆ. ಮಾಡಬೇಕಾದ್ದು ಹೀಗೆ: ಅಳೆಯುವ ಅರ್ಧ ಗಂಟೆ ಮೊದಲಿಂದ ಕಾಫಿ, ಸಿಗರೇಟು, ವ್ಯಾಯಾಮ ಬೇಡ. ಮೂತ್ರ ಮಾಡಿ ಬಂದು ಕೂರಲಿ. ಬೆನ್ನಿಗೆ ಆನಿಕೆ, ಪಾದ ನೆಲಕ್ಕೆ, ಕಾಲಮೇಲೆ ಕಾಲು ಹಾಕುವಂತಿಲ್ಲ. ಐದು ನಿಮಿಷ ಸುಮ್ಮನೆ ಕೂತ ಮೇಲೆ, ತೋಳು ಮೇಜಿನ ಮೇಲೆ ಹೃದಯದ ಮಟ್ಟಕ್ಕಿರುವಂತೆ ಇಟ್ಟು, ಬಟ್ಟೆಯ ಮೇಲಲ್ಲದೆ ಬರಿ ತೋಳಿಗೆ ಪಟ್ಟಿ ಸುತ್ತಬೇಕು. ಅಳೆಯುವಾಗ ಮಾತು ಬೇಡ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆದು ಸರಾಸರಿ ತೆಗೆಯಬೇಕು.

ಇದು ಬರೀ ಶಿಸ್ತಿನ ಮಾತಲ್ಲ. ಕೈ ತೊಡೆಯ ಮೇಲಿದ್ದರೆ ಮೇಲಿನ ಅಂಕಿ ಸುಮಾರು 4, ಪಕ್ಕಕ್ಕೆ ಜೋತುಬಿದ್ದಿದ್ದರೆ 6.5 ಹೆಚ್ಚು ತೋರುತ್ತದೆ ಎಂದು 2024ರಲ್ಲಿ ಪ್ರಕಟವಾದ ಪ್ರಯೋಗವೊಂದು ಅಳೆದಿದೆ. ಪಟ್ಟಿಯ ಗಾತ್ರದ ತಪ್ಪು ಇನ್ನೂ ದೊಡ್ಡದು. ಅತಿ ದೊಡ್ಡ ಪಟ್ಟಿ ಬೇಕಾದ ತೋಳಿಗೆ ಸಾಮಾನ್ಯ ಪಟ್ಟಿ ಸುತ್ತಿದರೆ ಮೇಲಿನ ಅಂಕಿ ಸರಾಸರಿ 19.5ರಷ್ಟು ಹೆಚ್ಚಾಗಿ ಬಂದದ್ದು 2023ರ ಇನ್ನೊಂದು ಪ್ರಯೋಗದಲ್ಲಿ ಕಂಡಿದೆ. 125 ಇರುವವರಿಗೆ 144 ಎಂದು ಹೇಳಿ ಹೆದರಿಸಿ ಕಳಿಸಿದಂತೆ. ಮೂರು ಗಾತ್ರದ ಪಟ್ಟಿಗಳಿಲ್ಲದ ಶಿಬಿರ ಬಿಪಿ ಅಳೆಯದಿರುವುದೇ ಮೇಲು.

ಸೊಂಟದ ಸುತ್ತಳತೆ ಎಂದರೆ ಪ್ಯಾಂಟಿನ ಅಳತೆಯಲ್ಲ. ಕೊನೆಯ ಪಕ್ಕೆಲುಬಿನ ಕೆಳತುದಿ ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುಮಧ್ಯೆ ಟೇಪನ್ನು ನೆಲಕ್ಕೆ ಸಮನಾಗಿ ಸುತ್ತಿ, ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಓದಬೇಕು. ಎತ್ತರ ತೂಕವನ್ನು ಬಾಯಿಮಾತಿನಲ್ಲಿ ಕೇಳಿದರೆ ಜನ ಎತ್ತರವನ್ನು ಒಂದಿಷ್ಟು ಏರಿಸಿ, ತೂಕವನ್ನು ಇಳಿಸಿ ಹೇಳುತ್ತಾರೆ, ಬಿಎಂಐ ಎರಡೂ ಕಡೆಯಿಂದ ಕುಗ್ಗುತ್ತದೆ. ವ್ಯಾಯಾಮದ ಬಗ್ಗೆ 'ನಿಯಮಿತವಾಗಿ ಮಾಡುತ್ತೀರಾ' ಎಂದು ಕೇಳುವುದು ವ್ಯರ್ಥ. 'ಕಳೆದ ಏಳು ದಿನಗಳಲ್ಲಿ ಎಷ್ಟು ದಿನ, ದಿನಕ್ಕೆ ಎಷ್ಟು ನಿಮಿಷ, ಮಾತಾಡಬಹುದಾದರೂ ಹಾಡಲಾಗದಷ್ಟು ಬಿರುಸಾಗಿ ನಡೆದಿರಿ' ಎಂದು ಕೇಳಿದರೆ ಉತ್ತರ ನಿಜಕ್ಕೆ ಹತ್ತಿರವಿರುತ್ತದೆ.

ಅಪಾಯದ ಅಂಕ ರೋಗನಿರ್ಣಯವಲ್ಲ ಎಂಬುದನ್ನೂ ಮರೆಯಬಾರದು. ಖಾಲಿ ಹೊಟ್ಟೆಯ ಶುಗರ್ 126 ಮಿಲಿಗ್ರಾಂ ಅಥವಾ ಹೆಚ್ಚು ಬಂದರೆ, ಬೇರೆ ಲಕ್ಷಣಗಳಿಲ್ಲದಿದ್ದಲ್ಲಿ ಇನ್ನೊಂದು ಪರೀಕ್ಷೆಯಿಂದ ಖಚಿತಪಡಿಸಬೇಕು. ಬಿಪಿ 180/120 ಮುಟ್ಟಿದವರ ದಾರಿ ಮಾತ್ರ ಬೇರೆ. ಅವರನ್ನು ವರದಿಗಾಗಿ ಕಾಯಿಸದೆ ಕೂರಿಸಿ, ಕೆಲವು ನಿಮಿಷ ಬಿಟ್ಟು ಮತ್ತೆ ಅಳೆದು, ಆಗಲೂ ಹಾಗೇ ಇದ್ದರೆ ಅವತ್ತೇ ವೈದ್ಯರ ಬಳಿ ಕಳಿಸಬೇಕು. ಎದೆನೋವು, ಉಸಿರಾಟದ ಕಷ್ಟ, ಮಾತು ತೊದಲುವುದು ಇದ್ದರೆ ನೇರವಾಗಿ ತುರ್ತು ಚಿಕಿತ್ಸೆಗೆ. ಯಾರು ಕಳಿಸಬೇಕು, ಎಲ್ಲಿಗೆ, ಹೋಗಿ ತಲುಪಿದರೇ ಎಂದು ವಿಚಾರಿಸುವವರು ಯಾರು, ಇವೆಲ್ಲ ಮೊದಲ ಪ್ರಶ್ನಾವಳಿ ಹಂಚುವ ಮೊದಲೇ ಬರೆದಿಟ್ಟಿರಬೇಕು.

ಹೇಳುವ ಬಗೆ

'ಔಷಧ ತೆಗೆದುಕೊಂಡರೆ ಅಪಾಯ ಶೇಕಡಾ 25 ಇಳಿಯುತ್ತದೆ' ಎಂಬ ವಾಕ್ಯ ನಿಜವೇ ಇರಬಹುದು, ಆದರೆ ಅಪೂರ್ಣ. ಶೇಕಡಾ 12 ಅಪಾಯವಿರುವವರಿಗೆ ಅದರರ್ಥ ನೂರರಲ್ಲಿ 12 ಇದ್ದದ್ದು 9 ಆಗುತ್ತದೆ. ಶೇಕಡಾ 2 ಇರುವವರಿಗೆ 2 ಇದ್ದದ್ದು 1.5. ಎರಡರ ನಿರ್ಧಾರ ಒಂದೇ ಆಗಬೇಕಿಲ್ಲ. ನೂರು ಚುಕ್ಕಿಗಳ ಚಿತ್ರದಲ್ಲಿ 12 ಚುಕ್ಕಿಗಳಿಗೆ ಬಣ್ಣ ಹಚ್ಚಿ, ಅದರಲ್ಲಿ ಮೂರನ್ನು ಅಳಿಸಿ ತೋರಿಸಿದರೆ ಲೆಕ್ಕ ಬಾರದವರಿಗೂ ಅರ್ಥವಾಗುತ್ತದೆ.

ವರದಿಯಲ್ಲಿ ಹತ್ತು ಸಲಹೆ ಕೊಡುವುದು ಒಂದನ್ನೂ ಕೊಡದಿರುವುದಕ್ಕೆ ಸಮ. ಸಿಗರೇಟು ಬಿಡಿ, ಉಪ್ಪು ಇಳಿಸಿ, ತೂಕ ಇಳಿಸಿ, ನಿದ್ದೆ ಮಾಡಿ, ಒತ್ತಡ ಬಿಡಿ ಎಂದು ಒಂದೇ ಉಸಿರಿಗೆ ಹೇಳಿದರೆ ಎದುರಿನವರು ತಲೆಯಾಡಿಸಿ ಹೋಗುತ್ತಾರೆ. ದೊಡ್ಡ ಅಪಾಯ ಯಾವುದು ಎಂದು ಸಲಹೆಗಾರರು ಹೇಳಲಿ, ಆದರೆ ಎಲ್ಲಿಂದ ಶುರು ಮಾಡಬೇಕು ಎಂಬುದನ್ನು ಆ ವ್ಯಕ್ತಿಯೇ ಆರಿಸಲಿ. ಆಯ್ದದ್ದಕ್ಕೆ ದಿನ, ಹೊತ್ತು, ಜಾಗ ಗೊತ್ತುಮಾಡಬೇಕು. 'ವ್ಯಾಯಾಮ ಮಾಡುತ್ತೇನೆ' ಎಂಬುದು ಆಸೆ. 'ರಾತ್ರಿ ಊಟದ ತಟ್ಟೆ ತೊಳೆದಿಟ್ಟ ಕೂಡಲೇ ಹದಿನೈದು ನಿಮಿಷ ನಡೆಯುತ್ತೇನೆ, ಮಳೆ ಬಂದರೆ ಮನೆಯೊಳಗೇ' ಎಂಬುದು ಯೋಜನೆ. ಹೀಗೆ 'ಇಂಥದ್ದಾದಾಗ ಇಂಥದ್ದು ಮಾಡುತ್ತೇನೆ' ಎಂದು ಕಟ್ಟಿಕೊಂಡ ಸಂಕಲ್ಪ ಹೆಚ್ಚು ನೆರವೇರುತ್ತದೆ ಎಂದು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ ಮತ್ತು ಪಾಸ್ಕಲ್ ಶೀರನ್ 2006ರಲ್ಲಿ 94 ಪ್ರಯೋಗಗಳನ್ನು ಒಟ್ಟುಗೂಡಿಸಿ ತೋರಿಸಿದ್ದಾರೆ.

ಆಮೇಲೆ ಒಂದು ಪ್ರಶ್ನೆ: 'ಇದನ್ನು ಮುಂದಿನ ಎರಡು ವಾರ ಮಾಡಬಲ್ಲೆ ಎಂಬ ನಂಬಿಕೆ ಸೊನ್ನೆಯಿಂದ ಹತ್ತರಲ್ಲಿ ಎಷ್ಟಿದೆ?' ಉತ್ತರ ಏಳಕ್ಕಿಂತ ಕಡಿಮೆಯಾದರೆ ಒತ್ತಾಯಿಸದೆ ಗುರಿಯನ್ನು ಕಿರಿದಾಗಿಸಿ. ವಾರಕ್ಕೆ 150 ನಿಮಿಷ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ ಗುರಿ, ಆದರೆ ಏನೂ ನಡೆಯದವರಿಗೆ ದಿನಕ್ಕೆ ಹತ್ತು ನಿಮಿಷವೇ ಸರಿಯಾದ ಮೊದಲ ಮೆಟ್ಟಿಲು. ಅಷ್ಟಿಷ್ಟಾದರೂ ನಡೆಯುವುದು ಏನೂ ಮಾಡದಿರುವುದಕ್ಕಿಂತ ಒಳ್ಳೆಯದೆಂದು ಅದೇ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ.

ಎಷ್ಟು ನೆರವು ಕೊಟ್ಟರೆ ಸಾಕು?

ಇಲ್ಲಿ ಎರಡು ಅಧ್ಯಯನಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಡೆನ್ಮಾರ್ಕಿನ ಇಂಟರ್‌99 ಎಂಬ ಪ್ರಯೋಗದಲ್ಲಿ 30ರಿಂದ 60 ವರ್ಷದ 59,616 ಜನರಿದ್ದರು. ಅದರಲ್ಲಿ 11,629 ಮಂದಿಯನ್ನು ತಪಾಸಣೆಗೆ, ಹೃದ್ರೋಗದ ಅಪಾಯದ ಲೆಕ್ಕಕ್ಕೆ, ಐದು ವರ್ಷಗಳಲ್ಲಿ ನಾಲ್ಕು ಬಾರಿಯವರೆಗೆ ಜೀವನಶೈಲಿಯ ಸಲಹೆಗೆ ಆಹ್ವಾನಿಸಿದರು. ಹತ್ತು ವರ್ಷದ ಬಳಿಕ ಹೃದ್ರೋಗ, ಪಾರ್ಶ್ವವಾಯು, ಸಾವು ಯಾವುದರಲ್ಲೂ ಆಹ್ವಾನ ಪಡೆದವರಿಗೂ ಪಡೆಯದವರಿಗೂ ವ್ಯತ್ಯಾಸ ಕಾಣಲಿಲ್ಲ.

ಅಮೆರಿಕದ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂನ ಫಲಿತಾಂಶ 2002ರಲ್ಲಿ ಬಂತು. 3,234 ಜನ, ಎಲ್ಲರೂ ಶುಗರ್ ಆಗಲೇ ಗಡಿಯಲ್ಲಿದ್ದವರು. ಜೀವನಶೈಲಿ ಗುಂಪಿನವರಿಗೆ ಮೊದಲ 24 ವಾರಗಳಲ್ಲೇ 16 ಪಾಠ, ಒಬ್ಬೊಬ್ಬರಿಗೂ ಬೇರೆಯಾಗಿ. ಗುರಿ ಎರಡೇ: ತೂಕ ಶೇಕಡಾ 7 ಇಳಿಸುವುದು, ವಾರಕ್ಕೆ 150 ನಿಮಿಷ ಮೈ ದಣಿಸುವುದು. ಸರಾಸರಿ 2.8 ವರ್ಷದಲ್ಲಿ ಸಕ್ಕರೆ ಕಾಯಿಲೆ ಶೇಕಡಾ 58ರಷ್ಟು ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ಪಡೆದ ಗುಂಪಿನಲ್ಲಿ ಆದದ್ದು ಶೇಕಡಾ 31. ಗಮನಿಸಿ, 24 ವಾರದ ಕೊನೆಗೆ ತೂಕದ ಗುರಿ ಮುಟ್ಟಿದ್ದು ಅರ್ಧದಷ್ಟು ಜನ ಮಾತ್ರ. ಎಲ್ಲರೂ ಗೆಲ್ಲದಿದ್ದರೂ ಫಲ ಇಷ್ಟಿತ್ತು.

ಎರಡೂ ಒಂದೇ ರೋಗದ ಪ್ರಯೋಗಗಳಲ್ಲ, ಹಾಗಾಗಿ ನೇರ ಹೋಲಿಕೆ ಸಲ್ಲದು. ಆದರೂ ವ್ಯತ್ಯಾಸ ಎದ್ದು ಕಾಣುತ್ತದೆ. ಮೊದಲನೆಯದು ಇಡೀ ಜನಸಮುದಾಯಕ್ಕೆ ತೆಳುವಾಗಿ ಹರಡಿದ ನೆರವು. ಎರಡನೆಯದು ಅಪಾಯ ಹೆಚ್ಚಿರುವವರನ್ನು ಹುಡುಕಿ ಒತ್ತಾಗಿ ಕೊಟ್ಟ ನೆರವು. ಅಪಾಯ ಮೌಲ್ಯಮಾಪನದ ಅಸಲಿ ಉಪಯೋಗ ಈ ಹುಡುಕುವ ಕೆಲಸದಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ಸಾವಿರ ಜನರಿಗೆ ವರದಿ ಹಂಚುವಷ್ಟು ಹಣದಲ್ಲಿ, ಅದರಲ್ಲಿ ಅಪಾಯ ಹೆಚ್ಚಿರುವ ನೂರು ಜನರ ಜೊತೆ ಆರು ತಿಂಗಳು ನಿಲ್ಲುವುದು ಲೇಸು.

ನಿಲ್ಲುವುದೆಂದರೆ ದಿನಗಳನ್ನು ಗೊತ್ತುಮಾಡಿಕೊಳ್ಳುವುದು. ಸಿಗರೇಟು ಬಿಟ್ಟವರಿಗೆ ಮೊದಲ ಕರೆ ಮೂರನೆಯ ದಿನದೊಳಗೆ ಹೋಗಬೇಕು. ನೆರವಿಲ್ಲದೆ ಬಿಟ್ಟವರಲ್ಲಿ ಹೆಚ್ಚಿನವರು ಮತ್ತೆ ಸೇದುವುದು ಮೊದಲ ಎಂಟು ದಿನಗಳಲ್ಲೇ, ತಿಂಗಳ ಮೇಲೆ ಫೋನ್ ಮಾಡಿದರೆ ಹೊತ್ತು ಮೀರಿರುತ್ತದೆ. ಉಪ್ಪು ಇಳಿಸಿದ್ದರ ಫಲ ಬಿಪಿಯಲ್ಲಿ ಕೆಲವೇ ವಾರಗಳಲ್ಲಿ ಕಾಣುತ್ತದೆ (ದಿನಕ್ಕೆ ಒಟ್ಟು 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ, ಎಂಬುದು ಗುರಿ). ಕೊಲೆಸ್ಟ್ರಾಲನ್ನು 6ರಿಂದ 12 ವಾರ ಬಿಟ್ಟು ಮತ್ತೆ ನೋಡಬಹುದು. ಎಚ್‌ಬಿಎ1ಸಿ ಪರೀಕ್ಷೆಯನ್ನು (ಇದು ಕಳೆದ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುತ್ತದೆ) ಮೂರು ತಿಂಗಳೊಳಗೆ ಮತ್ತೆ ಮಾಡಿಸಿದರೆ ಹಳೆಯ ಕಥೆಯೇ ಅರ್ಧ ಇರುತ್ತದೆ, ಏಕೆಂದರೆ ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಇಡೀ ಮೌಲ್ಯಮಾಪನವನ್ನು ಅಪಾಯ ಕಡಿಮೆ ಇರುವವರಿಗೆ ಪ್ರತಿವರ್ಷ ಮಾಡುವ ಅಗತ್ಯವಿಲ್ಲ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ 40ರಿಂದ 74 ವರ್ಷದವರನ್ನು ಐದು ವರ್ಷಕ್ಕೊಮ್ಮೆ ಕರೆಯುತ್ತದೆ.

ಕೇಳುವ ಮುನ್ನ ಯೋಚಿಸಬೇಕಾದ ಪ್ರಶ್ನೆಗಳು

ಉತ್ತರ ಬಂದಾಗ ಏನೂ ಮಾಡಲಾಗದ ಪ್ರಶ್ನೆಯನ್ನು ಕೇಳಲೇಬಾರದು. ಮನಸ್ಸಿನ ಸ್ಥಿತಿ ತಿಳಿಯಲು ಎರಡು ಪ್ರಶ್ನೆಗಳ ಪಿಎಚ್‌ಕ್ಯು-2 ಇದೆ. ಕಳೆದ ಎರಡು ವಾರಗಳಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಮನಸ್ಸು ಕುಗ್ಗಿರುವುದು ಎಷ್ಟು ದಿನ ಕಾಡಿತು ಎಂದು ಕೇಳುತ್ತದೆ. ಆರಕ್ಕೆ ಮೂರು ಅಥವಾ ಹೆಚ್ಚು ಬಂದರೆ ಮುಂದಿನ ವಿಚಾರಣೆ ಬೇಕು. ಆ ವಿಚಾರಣೆ ಮಾಡುವ ತರಬೇತಾದವರು ಇಲ್ಲದೆ, ಒಬ್ಬರು ತಮ್ಮ ಸಂಕಟ ಬರೆದುಕೊಟ್ಟ ಕಾಗದ ಯಾರದೋ ಕಂಪ್ಯೂಟರಿನಲ್ಲಿ ಮೂರು ವಾರ ಓದದೆ ಬಿದ್ದಿದ್ದರೆ, ಅದು ಕ್ಷಮಿಸಲಾಗದ ತಪ್ಪು.

ಕೆಲಸ ಕೊಟ್ಟವರೇ ಮೌಲ್ಯಮಾಪನ ನಡೆಸುವಾಗ ಭಯ ಸಹಜ. ವೈಯಕ್ತಿಕ ಉತ್ತರ ಮಾಲೀಕರ ಕೈಗೆ ಹೋಗಬಾರದು, ಒಟ್ಟು ಲೆಕ್ಕ ಮಾತ್ರ ಹೋಗಬೇಕು. ಒಟ್ಟು ಲೆಕ್ಕವೂ ಸಣ್ಣ ವಿಭಾಗಗಳಲ್ಲಿ ಗುಟ್ಟು ಬಿಟ್ಟುಕೊಡುತ್ತದೆ. ಆರು ಜನರ ವಿಭಾಗದಲ್ಲಿ 'ಒಬ್ಬರಿಗೆ ಖಿನ್ನತೆ' ಎಂದರೆ ಯಾರೆಂದು ಊಹಿಸುವುದು ಕಷ್ಟವಲ್ಲ. ಅಮೆರಿಕದ 2008ರ ಆನುವಂಶಿಕ ಮಾಹಿತಿ ಕಾಯ್ದೆಯ ಪ್ರಕಾರ ಬಹುಮಾನದ ಆಸೆ ತೋರಿಸಿ ಕುಟುಂಬದ ರೋಗಚರಿತ್ರೆ ಕೇಳುವಂತಿಲ್ಲ. ಫಿಂಡ್‌ರಿಸ್ಕ್‌ನಲ್ಲಿ ಅದಕ್ಕೇ 5 ಅಂಕವಿದ್ದರೂ, ಆ ನಿರ್ಬಂಧ ನ್ಯಾಯವಾದದ್ದು. ಆ ಪ್ರಶ್ನೆ ವೈದ್ಯರ ಕೋಣೆಯಲ್ಲಿ ಕೇಳಬೇಕಾದದ್ದು.

ಗೆದ್ದೆವೆಂದು ಹೇಳುವ ಮುನ್ನ

ಶಿಬಿರದಲ್ಲಿ ಬಿಪಿ ಹೆಚ್ಚು ಬಂದವರನ್ನು ಆರಿಸಿ, ಮೂರು ತಿಂಗಳ ಬಳಿಕ ಅಳೆದರೆ ಸರಾಸರಿ ಇಳಿದಿರುತ್ತದೆ. ಏನೂ ಮಾಡದಿದ್ದರೂ ಇಳಿದಿರುತ್ತದೆ. ಅಂದು ನಿದ್ದೆಗೆಟ್ಟಿದ್ದವರು, ಗಾಬರಿಯಲ್ಲಿದ್ದವರು ಆ ಗುಂಪಿನಲ್ಲಿ ಹೆಚ್ಚು ಸೇರಿಕೊಂಡಿರುತ್ತಾರೆ, ಎರಡನೆಯ ಸಲ ಅವರು ತಮ್ಮ ಎಂದಿನ ಮಟ್ಟಕ್ಕೆ ಮರಳುತ್ತಾರೆ. ಇದನ್ನೇ ಕಾರ್ಯಕ್ರಮದ ಸಾಧನೆ ಎಂದು ಎಷ್ಟೋ ವರದಿಗಳು ಬರೆದುಕೊಳ್ಳುತ್ತವೆ.

ಇನ್ನೊಂದು ಮೋಸ, ಬರುವವರೇ ಆರೋಗ್ಯವಂತರಾಗಿರುವುದು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ 4,834 ಉದ್ಯೋಗಿಗಳ ಮೇಲೆ ನಡೆದ ಆರೋಗ್ಯ ಕಾರ್ಯಕ್ರಮದ ಪ್ರಯೋಗದಲ್ಲಿ, ಸೇರಿಕೊಂಡವರ ವೈದ್ಯಕೀಯ ವೆಚ್ಚ ಸೇರುವ ಮೊದಲೇ ಕಡಿಮೆ ಇತ್ತು. ಸೇರಿದವರನ್ನು ಸೇರದವರೊಂದಿಗೆ ಹೋಲಿಸಿದರೆ ಕಾರ್ಯಕ್ರಮ ಅದ್ಭುತವಾಗಿ ಕಾಣುತ್ತದೆ, ಚೀಟಿ ಎತ್ತಿದಂತೆ ಆರಿಸಿದ ಗುಂಪುಗಳನ್ನು ಹೋಲಿಸಿದರೆ ಆ ಲಾಭ ಕರಗುತ್ತದೆ. 2019ರಲ್ಲಿ ಪ್ರಕಟವಾದ, ಸುಮಾರು 33,000 ನೌಕರರಿದ್ದ ಇನ್ನೊಂದು ಪ್ರಯೋಗದಲ್ಲಿ 18 ತಿಂಗಳ ಬಳಿಕ 'ನಿಯಮಿತ ವ್ಯಾಯಾಮ ಮಾಡುತ್ತೇವೆ, ತೂಕದ ಕಡೆ ಗಮನ ಕೊಡುತ್ತೇವೆ' ಎಂದು ಹೇಳಿದವರು ಹೆಚ್ಚಿದ್ದರು. ಆದರೆ ಬಿಪಿ, ಕೊಲೆಸ್ಟ್ರಾಲ್, ಬಿಎಂಐ ಅಳತೆಗಳಲ್ಲಿ ಗಣನೀಯ ವ್ಯತ್ಯಾಸ ಇರಲಿಲ್ಲ. ಹದಿನೆಂಟು ತಿಂಗಳು ಚಿಕ್ಕ ಅವಧಿ ಎಂಬುದೂ ನಿಜ.

ಹಾಗಾಗಿ ಸಾಧ್ಯವಿದ್ದಲ್ಲಿ ಎಲ್ಲ ವಿಭಾಗಗಳಲ್ಲೂ ಒಮ್ಮೆಲೇ ಶುರು ಮಾಡದೆ, ಚೀಟಿ ಎತ್ತಿ ಅರ್ಧಕ್ಕೆ ಈ ವರ್ಷ, ಉಳಿದರ್ಧಕ್ಕೆ ಮುಂದಿನ ವರ್ಷ ಕೊಡಿ. ಹೋಲಿಸಲು ಒಂದು ಗುಂಪು ತಾನಾಗಿ ಸಿಗುತ್ತದೆ. ಅದಾಗದಿದ್ದರೆ ಕನಿಷ್ಠ ಲೆಕ್ಕವನ್ನು ನೆಟ್ಟಗೆ ಇಡಿ. 200 ಜನ ಪ್ರಶ್ನಾವಳಿ ತುಂಬಿ, 60 ಮಂದಿಯಲ್ಲಿ ಅಪಾಯ ಹೆಚ್ಚು ಕಂಡು, ಅವರಲ್ಲಿ 35 ಮಂದಿ ಆರು ತಿಂಗಳ ಮರುಅಳತೆಗೆ ಬಂದು, 14 ಮಂದಿ ಗುರಿ ಮುಟ್ಟಿದರು ಎಂದಿಟ್ಟುಕೊಳ್ಳಿ. 'ಶೇಕಡಾ 40 ಯಶಸ್ಸು' ಎಂದು ಬರೆಯಲು ಕೈ ತುಡಿಯುತ್ತದೆ. ಬರೆಯಬೇಕಾದದ್ದು 60ರಲ್ಲಿ 14, ಅಂದರೆ ಶೇಕಡಾ 23. ಬಾರದೆ ಉಳಿದ 25 ಮಂದಿಗೆ ಏನಾಯಿತೆಂದು ಮರುದಿನದಿಂದಲೇ ಫೋನ್ ಮಾಡಿ ವಿಚಾರಿಸಬೇಕು.